ಮಾಸ್ತರರ ಪಾರ್ಟಿನಲ್ಲಿ ನಾನು ಬರೆದದ್ದು

ಮಾತಾಡುವಾಗಲೂ ಅವರ ಬಾಯಿಯ ಎಡಮೂಲೆಯಲ್ಲಿ ಒಂದು ರೀಡ್ ಇರುತ್ತಿತ್ತು. ಬಿದಿರಿನ ಜಾತಿಯ ದಂಟನ್ನು ಸೀಳಿ, ತೆಳ್ಳಗೆ ಹೆರೆದು, ಎರಡು ಪದರ ಕೂಡಿಸಿ, ಬುಡಕ್ಕೆ ಕೆಂಪು ದಾರ ಸುತ್ತಿದ ಹೆಬ್ಬೆರಳುದ್ದದ ವಸ್ತು ಅದು. ಅದನ್ನು ಬಸೂನಿನ ತುದಿಗೆ ಸಿಕ್ಕಿಸಿ ಊದಬೇಕು, ಊದುವ ಮೊದಲು ನೆನೆಸಬೇಕು. ಉಳಿದವರು ಪುಟ್ಟ ಡಬ್ಬಿಯಲ್ಲಿ ನೀರಿಟ್ಟುಕೊಂಡು ನೆನೆಸುತ್ತಾರೆ. ನಮ್ಮ ಮಾಸ್ತರರು ಬಾಯಲ್ಲೇ ನೆನೆಸುತ್ತಿದ್ದರು. ಅದು ಮೆತ್ತಗಾಗುವವರೆಗೆ ತಮ್ಮ ಮನೆಯಿದ್ದ ಪುಣೆಯ ಕೊಂಢವಾದ ಅಗೆದುಬಿಟ್ಟ ರಸ್ತೆಯನ್ನು, ಗಣಪತಿಯ ದಿನಗಳ ಡಿಜೆಯನ್ನು, ಹಾಲಿನ ಕೆನೆ ತೇಲುವ ಚಹಾವನ್ನು ಬೈಯುತ್ತಿದ್ದರು. ಬೈದು ಮುಗಿದ ಮೇಲೆ ರೀಡನ್ನು ಹೊರತೆಗೆದು ಒಮ್ಮೆ ಝಾಡಿಸುತ್ತಿದ್ದರು. ಎದುರಿಗೆ ಕೂತವರು ಅಷ್ಟು ಹೊತ್ತಿಗೆ ಹಿಂದೆ ಸರಿದಿರಬೇಕು. ಆಮೇಲೆ ಅದನ್ನು ಪಕ್ಕದ ಸ್ಟೀಲಿನ ಲೋಟದಲ್ಲಿ ಇಡುತ್ತಿದ್ದರು. ಅಂಥದ್ದೇ ಲೋಟದಲ್ಲಿ ಅವರ ಹೆಂಡತಿ, ನಾವೆಲ್ಲ ಕಾಕೂ ಎನ್ನುತ್ತಿದ್ದವರು, ಬಂದವರಿಗೆ ನೀರು ತಂದುಕೊಡುತ್ತಿದ್ದರು. ಇಪ್ಪತ್ತು ವರ್ಷ ಆ ಮನೆಗೆ ಹೋಗಿದ್ದೇನೆ. ಬಾಯಾರಿಕೆ ಇಲ್ಲ ಎಂದು ಇಪ್ಪತ್ತು ವರ್ಷ ಸುಳ್ಳು ಹೇಳಿದ್ದೇನೆ.

ಬಸೂನ್ ಅಂದರೇನು ಎಂದು ಕೇಳಿದವರಿಗೆ ‘ಊದೂ ಒನಕಿ’ ಎಂದು ಉತ್ತರ ಕೊಡುತ್ತಿದ್ದರು. ನೋಡಲು ಹೆಚ್ಚು ಕಡಿಮೆ ಹಾಗೆಯೇ ಇದೆ: ಎದೆಯೆತ್ತರದ ಮರದ ಕೊಳವೆ, ಊದಿದರೆ ಹೊಟ್ಟೆಯೊಳಗೆ ಕೇಳುವಂಥ ತಗ್ಗಿನ ದನಿ. ಬೆಳಗಾವಿ ಸೀಮೆಯ ಹಳ್ಳಿಯಿಂದ ಸೈನ್ಯದ ಬ್ಯಾಂಡಿಗೆ ಸೇರಿದಾಗ ಅವರು ಉಳಿದವರಿಗಿಂತ ಎತ್ತರವಾಗಿದ್ದರಂತೆ, ಅಷ್ಟಕ್ಕೇ ಬಸೂನ್ ಕೈಗೆ ಬಂತಂತೆ. ಹಿಂದಿ ಕಲಿಯುವ ಮೊದಲೇ ಐದು ಗೆರೆಯ ಸ್ವರಲಿಪಿ ಓದಲು ಕಲಿತರು. ನಿವೃತ್ತರಾದ ಮೇಲೆ ಪುಣೆಯಲ್ಲೇ ಉಳಿದರು. ಬ್ಯಾಂಡಿನವರು ರದ್ದಿಗೆ ಹಾಕಿದ ಬಸೂನೊಂದನ್ನು ಮನೆಗೆ ತಂದು ದಾರ, ಮೇಣ, ರಬ್ಬರ್ ಬ್ಯಾಂಡುಗಳಿಂದ ಅದನ್ನು ಬದುಕಿಸಿಕೊಂಡಿದ್ದರು.

ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪ ಪುಣೆಯಲ್ಲಿ ಗುಮಾಸ್ತರಾಗಿದ್ದರು, ಮನೆ ನಿಗಡಿಯಲ್ಲಿ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಮ್ಮ ಶಾಲೆಗೆ ಬ್ಯಾಂಡ್ ಕಲಿಸಲು ಅವರು ಬಂದರು. ಮೊದಲ ದಿನ ನಮ್ಮನ್ನು ಸಾಲಾಗಿ ನಿಲ್ಲಿಸಿ ಬಾಯಿ ತೆರೆಯಲು ಹೇಳಿದರು, ದನದ ಸಂತೆಯಲ್ಲಿ ನೋಡುವ ಹಾಗೆ ಒಬ್ಬೊಬ್ಬರ ಹಲ್ಲು ನೋಡುತ್ತ ಬಂದರು. ನನ್ನ ಮುಂದೆ ನಿಂತು ಹಿಂದಿಯಲ್ಲಿ ಹೆಸರು ಕೇಳಿದರು. ಅಡ್ಡಹೆಸರು ಕೇಳಿದ ಕೂಡಲೇ ಕನ್ನಡಕ್ಕೆ ಇಳಿದರು.

“ಹಲ್ಲ ಚೊಲೊ ಅವ. ಕ್ಲಾರಿನೆಟ್ ಹಿಡಿ ತಂಗೀ.”

ನನಗೆ ಕ್ಲಾರಿನೆಟ್ ಸಿಕ್ಕಿದ್ದು ಹೀಗೆ. ಅಂದಿನಿಂದ ಉಳಿದ ಮಕ್ಕಳಿಗೆ ಹಿಂದಿಯಲ್ಲಿ ಬೈಗುಳ, ನನಗೆ ಮಾತ್ರ ಕನ್ನಡದಲ್ಲಿ. ಅವರ ಬೈಗುಳ ಬಹಳ ಉದ್ದವೇನಲ್ಲ. ‘ಥೂ’ ಎಂಬ ಒಂದೇ ಅಕ್ಷರ. ಆದರೆ ಅದನ್ನು ಅವರು ಎಷ್ಟು ಬಗೆಯಲ್ಲಿ ಹೇಳುತ್ತಿದ್ದರೆಂದರೆ, ಅದರ ಉದ್ದ ಕೇಳಿ ತಪ್ಪು ತಾಳದಲ್ಲಾಗಿದೆಯೋ ಶ್ರುತಿಯಲ್ಲಾಗಿದೆಯೋ ನಮಗೆ ತಿಳಿಯುತ್ತಿತ್ತು. ಪರರ ತಪ್ಪಿಗೆ ಚಿಕ್ಕ ಥೂ, ತಮ್ಮ ತಪ್ಪಿಗೆ ಉದ್ದನೆಯದು. ಮುಖವೆಲ್ಲ ಹಿಂಡಿಕೊಂಡು, ಬಾಯಲ್ಲಿ ಹಾಗಲಕಾಯಿ ಇಟ್ಟುಕೊಂಡವರಂತೆ ಹೇಳುತ್ತಿದ್ದರು. ಜಗತ್ತಿನಲ್ಲಿ ಅವರಿಗೆ ಹೇಸಿಗೆ ತರಿಸದ ವಸ್ತು ಇತ್ತೋ ಇಲ್ಲವೋ. ತಮಾಷೆಯೆಂದರೆ, ಅಷ್ಟು ಹೇಸುವ ಮನುಷ್ಯನಿಗೆ ತನ್ನ ಬಾಯಿಯ ಬಗ್ಗೆ ಏನೂ ಅನ್ನಿಸುತ್ತಿರಲಿಲ್ಲ. ಎಂದೋ ಹತ್ತಿದ ಸುಣ್ಣ ತಂಬಾಕಿನ ಚಟ ಒಸಡನ್ನು ತಿಂದು ಹಾಕಿತ್ತು. ಬಸೂನಿನ ಬುಡದಿಂದ ನೀರು ಬಸಿದು ಪೇಪರಿನ ಮೇಲೆ ಸುರಿಯುವಾಗ ನಾನು ಮೂಗು ಮುಚ್ಚಿಕೊಂಡರೆ, “ಇದು ಉಗುಳಲ್ಲ ತಂಗೀ, ಉಸುರು. ಥಣ್ಣಗಾಗಿ ನೀರಾಗೇದ” ಎನ್ನುತ್ತಿದ್ದರು. ವಿಜ್ಞಾನ ಅವರ ಕಡೆಗೇ ಇತ್ತು. ವಾಸನೆ ಮಾತ್ರ ಇರಲಿಲ್ಲ.

ನಾನು ದೊಡ್ಡವಳಾಗಿ, ಚಾಕಣದ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗಗಳನ್ನು ತಪಾಸಣೆ ಮಾಡುವ ಕೆಲಸಕ್ಕೆ ಸೇರಿದ ಮೇಲೂ ಕ್ಲಾರಿನೆಟ್ ಬಿಡಲಿಲ್ಲ. ಕೆಲವು ವರ್ಷಗಳ ಹಿಂದೆ ಐದು ಜನ ಕೂಡಿ ಗಾಳಿ ವಾದ್ಯಗಳ ಒಂದು ತಂಡ ಕಟ್ಟಿದೆವು. ಫ್ಲೂಟಿಗೆ ಒಬ್ಬ ಹಲ್ಲಿನ ಡಾಕ್ಟರು, ಕ್ಲಾರಿನೆಟ್ಟಿಗೆ ನಾನು, ಬಸೂನಿಗೆ ಮಾಸ್ತರರು. ಶಹನಾಯಿಯಂಥ ಓಬೋ ಮತ್ತು ಹಿತ್ತಾಳೆಯ ಹಾರ್ನ್ ನುಡಿಸುವವರು ಅಣ್ಣ ತಮ್ಮ, ತಾವಾಯಿತು ತಮ್ಮ ವಾದ್ಯವಾಯಿತು ಎಂದು ಇರುವವರು, ಈ ಬರಹದಲ್ಲಿ ಅವರಿಗೆ ಹೆಚ್ಚಿನ ಕೆಲಸವಿಲ್ಲ. ಭಾನುವಾರ ಬೆಳಿಗ್ಗೆ ಪುಣೆಯ ಕ್ಯಾಂಪ್ ಭಾಗದ ಒಂದು ಶಾಲೆಯ ಕೋಣೆಯಲ್ಲಿ ಸೇರುತ್ತಿದ್ದೆವು. ಮಾಸ್ತರರಿಗೆ ಆಗಲೇ ಎಪ್ಪತ್ತು ದಾಟಿತ್ತು.

ಕ್ಯಾಂಪಿನಲ್ಲಿ ಪಿಯಾನೋ ಕಲಿಸುವ ಒಬ್ಬ ಹಿರಿಯ ಹೆಂಗಸಿದ್ದರು, ಎಲ್ಲರಿಗೂ ಟೀಚರ್. ತಮ್ಮ ನಡುವಯಸ್ಸಿನಲ್ಲಿ ಅವರು ಪಿಯಾನೋಗೆಂದು ಆರು ಸಣ್ಣ ತುಣುಕುಗಳನ್ನು ಬರೆದಿದ್ದರು. ಗುನುಗಲು ಬರುವಂಥ ಒಂದು ಸಾಲೂ ಅದರಲ್ಲಿಲ್ಲ. ಎರಡು ಅಂಗೈ ಊರಿ ಹತ್ತು ಕೀ ಒಟ್ಟಿಗೆ ಒತ್ತುವುದು, ಆಮೇಲೆ ದೀರ್ಘ ಮೌನ, ಮತ್ತೆ ಎಲ್ಲೋ ಮೇಲಿನ ಮೂಲೆಯಲ್ಲಿ ಒಂದೆರಡು ಚುಕ್ಕೆ ಸ್ವರ, ಇಂಥ ಆಧುನಿಕ ಬರವಣಿಗೆ. ಶಿಷ್ಯರು ಅದನ್ನು ಮುಟ್ಟುತ್ತಿರಲಿಲ್ಲ. ಟೀಚರಿಗೆ ಎಂಬತ್ತು ತುಂಬುವ ಸಮಾರಂಭಕ್ಕೆ ಆ ಆರನ್ನೂ ನಮ್ಮ ಐದು ವಾದ್ಯಗಳಿಗೆ ಹೊಂದಿಸಿ ನುಡಿಸುತ್ತೀರಾ ಎಂದು ಆ ಶಿಷ್ಯರೇ ಬಂದು ಕೇಳಿದರು. ಟೀಚರ ಕೈ ನಡುಗುತ್ತಿದ್ದವು, ಇನ್ನು ಅವರೇ ನುಡಿಸುವಂತಿರಲಿಲ್ಲ. ಹೊಂದಿಸಿ ಬರೆಯುವ ಕೆಲಸವನ್ನು ನಾನು ಒಪ್ಪಿಕೊಂಡೆ. ಹಿಂದೆಂದೂ ಮಾಡಿದವಳಲ್ಲ, ಆದರೂ ಜಂಬಕ್ಕೆ ಒಪ್ಪಿಕೊಂಡೆ.

ಟೀಚರು ಹಿಂದೊಮ್ಮೆ ನುಡಿಸಿದ್ದ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೊಂಢವಾಕ್ಕೆ ಹೋದೆ. ಮೊದಲನೆಯ ತುಣುಕು ಮುಗಿಯುವ ಮೊದಲೇ ಮಾಸ್ತರರ ಮುಖ ಹಿಂಡಿಕೊಂಡಿತು.

“ಥೂ. ಯಾರರ ಭಾಂಡಿ ತೊಳ್ಯಾಕ ಹಾಕ್ಯಾರೇನು?”

ನಾಲ್ಕನ್ನೂ ಹಾಗೆಯೇ ಬೈಯುತ್ತ ಕೇಳಿದರು. ಐದನೆಯದು ಬಂತು. ಅದರಲ್ಲಿ ಎಡಗೈ ಒಂದೇ ಒಂದು ತಗ್ಗಿನ ಸ್ವರವನ್ನು ಮೆಲ್ಲಗೆ ಒತ್ತಿ, ಕಾಲಿನಿಂದ ಪೆಡಲ್ ತುಳಿದು, ಅದನ್ನು ಬಿಟ್ಟುಬಿಡುತ್ತದೆ. ಅದು ತಾನಾಗಿ ಕರಗುತ್ತ ಹೋಗುತ್ತದೆ, ಮೇಲೆ ಬಲಗೈ ಏನೇನೋ ಹೇಳುತ್ತಿರುತ್ತದೆ. ಕರಗಿ ಮುಗಿಯುವ ಹೊತ್ತಿಗೆ ಮತ್ತೆ ಅದೇ ಸ್ವರ. ತುಣುಕಿನ ಉದ್ದಕ್ಕೂ ಎಂಟು ಸಲ ಬರುತ್ತದೆ. ಮಾಸ್ತರರು ಬಾಯಿಂದ ರೀಡ್ ತೆಗೆದರು.

“ಮತ್ತೊಮ್ಮೆ ಹಚ್ಚು.”

ನಾಲ್ಕು ಸಲ ಹಚ್ಚಿಸಿದರು. ಆಮೇಲೆ, “ಇದು ಬಸೂನಿನ ಎಲ್ಲಾಕಿಂತ ತಳದ ಸ್ವರ. ಇದರ ಕೆಳಗ ನಮಗ ಮತ್ತೊಂದಿಲ್ಲ. ಇದು ನಂದು” ಎಂದರು. ತಮ್ಮದೆಂದು ಅವರು ಏನನ್ನಾದರೂ ಹೇಳಿಕೊಂಡದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಎರಡು ವಾರ ಕೂತು ಮೊದಲ ತುಣುಕನ್ನು ಬರೆದುಕೊಂಡು ಹೋದೆ. ಬಲಗೈಯ ಸ್ವರಗಳನ್ನು ಫ್ಲೂಟಿಗೂ ಓಬೋಗೂ, ಎಡಗೈಯವನ್ನು ಉಳಿದ ಮೂವರಿಗೂ ಹಂಚಿದ್ದೆ, ಪ್ರಸಾದ ಹಂಚಿದ ಹಾಗೆ. ಒಂದೂ ಬಿಟ್ಟುಹೋಗಿರಲಿಲ್ಲ ಎಂಬ ಹೆಮ್ಮೆ ಬೇರೆ. ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದು ಹಾರ್ಮೋನಿಯಂ. ಎಲ್ಲಾರೂ ಒಮ್ಮೆಲೆ ಊದಿದ್ರ ಅದು ಸಂಗೀತಲ್ಲ, ಹಾಜರಿ. ಪಿಯಾನೋದಾಗ ಸ್ವರ ಹುಟ್ಟಿದ ಕೂಡಲೆ ಸಾಯಾಕ ಹತ್ತತದ. ಅದಕ್ಕ ಅಷ್ಟು ಸ್ವರ ಒಮ್ಮೆ ಒತ್ತಿದ್ರೂ ನಡೀತದ. ನಮ್ಮ ಸ್ವರ ತಾನಾಗಿ ಸಾಯೂದಿಲ್ಲ, ನಾವ ಸಾಯಿಸಬೇಕು. ಹೆಂಗ ಹುಟ್ಟತದ ಅನ್ನೂದು ಬರದೀ. ಹೆಂಗ ಸಾಯ್ತದ ಅನ್ನೂದು ಎಲ್ಲದ?”

ಅಲ್ಲಿಂದ ನಾಲ್ಕು ತಿಂಗಳು, ಪ್ರತಿ ಭಾನುವಾರ ಮಧ್ಯಾಹ್ನ ಅವರ ಮನೆಯ ಮೇಜಿನ ಮುಂದೆ ಕೂತೆ. ಪಿಯಾನೋದ ಪೆಡಲನ್ನು ಐದು ಜನರ ಉಸಿರಿಗೆ ಹಂಚುವುದು ಹೇಗೆಂದು ಅವರು ಕಲಿಸಿದರು. ಒಂದು ಗುಂಪು ಸ್ವರ ಬಂತೆನ್ನಿ. ಓಬೋ ಅದನ್ನು ಸ್ವಲ್ಪ ಒತ್ತಿ ಹುಟ್ಟಿಸಿ ತಕ್ಷಣ ಬಿಡುತ್ತದೆ. ಅದೇ ಸ್ವರವನ್ನು ಹಾರ್ನ್ ಮೊದಲೇ ಅಡಗಿಸಿ ಹಿಡಿದಿರುತ್ತದೆ, ಆದ್ದರಿಂದ ಓಬೋ ಬಿಟ್ಟದ್ದು ಕಿವಿಗೆ ತಿಳಿಯದೆ, ಸ್ವರ ಕರಗಿದಂತೆ ಮಾತ್ರ ಕೇಳುತ್ತದೆ. ಹಾರ್ನಿನ ಉಸಿರು ತೀರುವ ಮೊದಲು ಕ್ಲಾರಿನೆಟ್ ಕೆಳಗಿನಿಂದ ಬಂದು ಆತುಕೊಳ್ಳುತ್ತದೆ. ಯಾರು ಎಲ್ಲಿ ಉಸಿರು ತೆಗೆಯಬೇಕೆಂದು ಪ್ರತಿ ಸಾಲಿಗೂ ಗುರುತು. ಅದಕ್ಕೆ ಅವರದೊಂದು ಪದ್ಧತಿಯಿತ್ತು. ಐವರ ಸಾಲನ್ನೂ ಒಂದೊಂದಾಗಿ ತಾವೇ ಮೂಗಿನಲ್ಲಿ ಹಾಡುತ್ತ, ಮೇಜು ಕುಟ್ಟುತ್ತ ಹೋಗಿ, ಉಸಿರು ತೀರಿದಲ್ಲಿ ಪೆನ್ಸಿಲಿನಿಂದ ಒಂದು ಕೊಕ್ಕೆ ಹಾಕುವುದು. “ಮುದುಕನ ಉಸುರಿಗೆ ಆತಂದ್ರ ಎಲ್ಲಾರಿಗೂ ಆಗ್ತದ” ಎನ್ನುವುದು. ಕೆಲವು ಸಲ ಹಾಡುತ್ತ ಹಾಡುತ್ತ ಕೆಮ್ಮು ಬಂದು ಕಣ್ಣು ಕೆಂಪಾಗುತ್ತಿತ್ತು. ಕೆಮ್ಮಿ ಮುಗಿಸಿ ಕೊಕ್ಕೆಯನ್ನು ಎರಡು ಸ್ವರ ಹಿಂದಕ್ಕೆ ಸರಿಸುತ್ತಿದ್ದರು.

ನನ್ನ ಹೆಸರಿನಲ್ಲಿ ಮುದ್ರಣವಾದ ಆ ಜೋಡಣೆಯಲ್ಲಿ ಒಳ್ಳೆಯದು ಎನ್ನುವುದೆಲ್ಲ ಆ ಮೇಜಿನ ಮೇಲೆ ಆದದ್ದು. ಕೆಟ್ಟದ್ದೊಂದು ಮಾತ್ರ ನನ್ನ ಸ್ವಂತದ್ದು.

ಅವರ ಅಕ್ಷರ, ಅಂದರೆ ಅವರು ಬರೆಯುವ ಸ್ವರಲಿಪಿ, ಅಚ್ಚು ಹಾಕಿದ ಹಾಗಿರುತ್ತಿತ್ತು. ಒಂದು ಭಾನುವಾರ ಅದನ್ನು ಹೊಗಳಿದೆ. ಬ್ಯಾಂಡಿನಲ್ಲಿ ಎಲ್ಲ ವಾದಕರಿಗೂ ಬೇಕಾದ ಪಾರ್ಟುಗಳನ್ನು ನಕಲು ಮಾಡಿ ಬರೆಯುವ ಕೆಲಸ ವರ್ಷಗಟ್ಟಲೆ ಅವರದಾಗಿತ್ತಂತೆ. ಪಾರ್ಟ್ ಎಂದರೆ ಒಬ್ಬೊಬ್ಬ ವಾದಕನಿಗೆ ಅವನ ಸ್ವರಗಳಷ್ಟನ್ನೇ ಬರೆದುಕೊಡುವ ಹಾಳೆ. ಹೊಗಳಿದ್ದಕ್ಕೆ ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಮತ್ತೆ ಹಿಂಡಿಕೊಂಡಿತು.

“ಆ ಕೈಯಿಂದ ಏನೇನ ಬರದೇನಿ ಗೊತ್ತದ ಏನ ನಿನಗ? ನಮ್ಮಲ್ಲೆ ತುಟಿ ಸೋತಾಂವಗ, ಹಲ್ಲ ಹೋದಾಂವಗ ಯಾರೂ ಬಾಯಿ ಬಿಟ್ಟು ಹೇಳ್ತಿದ್ದಿಲ್ಲ. ಹೊಸಾ ಪಾರ್ಟ್ ಬರದ ಕೊಡೂದು. ಚೊಲೊ ಚೊಲೊ ಸಾಲೆಲ್ಲಾ ತಗದು ಪಕ್ಕದಾಂವಗ ಹಾಕೂದು, ಇವನ ಹಾಳಿ ಮ್ಯಾಲ ರೆಸ್ಟ್ ಬರಿಯೂದು, ಊದದ ಸುಮ್ಮ ಕೂಡು ಅಂತ. ಹತ್ತ ರೆಸ್ಟು, ಇಪ್ಪತ್ತ ರೆಸ್ಟು. ಅಂವಾ ಓದಿ ತಿಳಕೋತಿದ್ದ. ತಾನ ಅರ್ಜಿ ಕೊಟ್ಟು ಹೋಗ್ತಿದ್ದ. ನನಗ ಬಸೂನ್ ಕಲಿಸಿದ ಉಸ್ತಾದರಿಗೂ ನಾನ ಬರದ ಕೊಟ್ಟೆ. ಮ್ಯಾಲಿನವ್ರು ಬರಿ ಅಂದ್ರು, ಬರದೆ. ಅವ್ರು ಹಾಳಿ ನೋಡಿ, ‘ಅಕ್ಷರ ಚೊಲೊ ಆಗ್ಯಾವ’ ಅಂದ್ರು.”

ಅಷ್ಟು ಹೇಳಿ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಊಟದ ಹೊತ್ತಾಗಿತ್ತು, ಅದಕ್ಕೇ ತೊಳೆದದ್ದಿರಬಹುದು. ನಾನು ಆ ಕಥೆಯನ್ನು ಕೇಳಿ ‘ಪಾಪ’ ಎಂದೆ. ಅವರು ಅಷ್ಟು ಹೇಸಿಕೊಂಡು ಹೇಳಿದ್ದನ್ನು ನನ್ನ ತಲೆ ಒಂದು ಉಪಾಯವೆಂದು ಜೋಪಾನ ಮಾಡಿ ಇಟ್ಟುಕೊಂಡಿತು ಎಂಬುದು ನನಗೇ ಆಗ ಗೊತ್ತಿರಲಿಲ್ಲ.

ಸಮಾರಂಭಕ್ಕೆ ಒಂದೂವರೆ ತಿಂಗಳಿರುವಾಗ ಎರಡನೆಯ ತುಣುಕಿನ ಅಭ್ಯಾಸದಲ್ಲಿ ಬಸೂನಿನ ಒಂದು ತಗ್ಗಿನ ಸ್ವರ ಲಾರಿಯ ಹಾರ್ನಿನಂತೆ ಒಡೆದು ಬಂತು. ಅಣ್ಣ ತಮ್ಮ ನಕ್ಕರು. ಮಾಸ್ತರರು ತಮಗೆ ತಾವೇ ಉದ್ದನೆಯ ಥೂ ಹೇಳಿಕೊಂಡು ಮತ್ತೆ ನುಡಿಸಿದರು, ಸರಿಯಾಗಿ ಬಂತು. ಅಷ್ಟರಲ್ಲಿ ಡಾಕ್ಟರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ್ದರು.

ಮುಂದಿನ ವಾರ ನಡೆದದ್ದನ್ನು ಬರೆಯಲು ಈಗಲೂ ಮುಜುಗರವಾಗುತ್ತದೆ. ರೀಡನ್ನು ಎಲ್ಲಿ ಹೆರೆದರೆ ತಗ್ಗಿನ ಸ್ವರ ಮೆಲ್ಲಗೆ ಹುಟ್ಟುತ್ತದೆ ಎಂದು ತೋರಿಸಲು ಮಾಸ್ತರರು ಬಾಯಲ್ಲಿದ್ದ ರೀಡನ್ನು ತೆಗೆದು ನನ್ನ ಮುಂದೆ ಹಿಡಿದರು. “ಹಿಡಿ, ಬೆಳಕಿಗೆ ಹಿಡದ ನೋಡು” ಎಂದರು. ಅದರ ತುದಿ ಕೆಂಪಾಗಿತ್ತು. ಎಂಜಲಿನಲ್ಲಿ ಬೆರೆತ ರಕ್ತ, ಅದರ ಮೇಲೆ ಕೊಳೆತ ಒಸಡಿನ ವಾಸನೆ. ನನಗೆ ಗೊತ್ತಿಲ್ಲದೆಯೇ ಎರಡೂ ಕೈ ಬೆನ್ನ ಹಿಂದೆ ಹೋದವು, ಚಿಕ್ಕ ಮಕ್ಕಳು ಬಚ್ಚಿಡುವ ಹಾಗೆ. ಅವರು ರೀಡನ್ನು ಒಂದು ಕ್ಷಣ ಹಾಗೇ ಹಿಡಿದಿದ್ದರು. ಆಮೇಲೆ ನೋಡಿಕೊಂಡು, ಕರವಸ್ತ್ರದಲ್ಲಿ ಒರೆಸಿ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. “ಇರಲಿ, ಬಾಯಿಂದ ಹೇಳ್ತೀನಿ” ಎಂದು ಉಳಿದದ್ದನ್ನು ಮಾತಿನಲ್ಲೇ ವಿವರಿಸಿದರು. ಒಂದಕ್ಷರವೂ ನನ್ನ ತಲೆಗೆ ಹೋಗಲಿಲ್ಲ.

ಅಂದು ಡಾಕ್ಟರು ನನ್ನನ್ನು ಕಾರಿನಲ್ಲಿ ಸ್ಟೇಷನ್ನಿನವರೆಗೆ ಬಿಟ್ಟರು. ಮರಾಠಿಯಲ್ಲಿ, ಬಹಳ ಮೃದುವಾಗಿ, ರೋಗಿಯ ಮನೆಯವರೊಡನೆ ಮಾತಾಡುವಂತೆ ಮಾತಾಡಿದರು. ಮಾಸ್ತರರ ಮುಂದಿನ ಹಲ್ಲುಗಳೆಲ್ಲ ಅಲ್ಲಾಡುತ್ತಿವೆ, ದೂರದಿಂದಲೇ ತಿಳಿಯುತ್ತದೆ, ಇನ್ನು ಆ ತುಟಿಗೆ ಆಧಾರವಿಲ್ಲ ಎಂದರು. ಕೊನೆಯಲ್ಲಿ ಸ್ಟಿಯರಿಂಗ್ ಮೇಲೆ ಬೆರಳು ಬಡಿಯುತ್ತ, “ಸಂಪಲಂ ಅಹೋ. ಮುಗಿದ ಹಾಗೇ ತಿಳಿಯಿರಿ. ಐದನೆಯದರಲ್ಲಿ ಅಷ್ಟು ತೆಳುವಾದ ಸ್ವರ, ಸಭೆಯ ಮುಂದೆ ಒಡೆದರೆ ಅವರಿಗೇ ಅವಮಾನ. ನೀವು ಏನಾದರೂ ಮಾಡಿ, ಅವರಿಗೆ ನೋವಾಗದ ಹಾಗೆ” ಎಂದರು.

ನೋವಾಗದ ಹಾಗೆ. ಈ ಮಾತನ್ನು ಹಿಡಿದುಕೊಂಡು ನಾನು ಲೋಕಲ್ ಹತ್ತಿದೆ. ನಿಗಡಿಯ ಮನೆ ಸೇರುವ ಹೊತ್ತಿಗೆ ಏನು ಮಾಡಬೇಕೆಂದು ತೀರ್ಮಾನವಾಗಿತ್ತು. ನಾನು ದಿನವಿಡೀ ತಪಾಸಣೆಯ ಕೆಲಸ ಮಾಡುವವಳು. ಒಂದು ಬೋಲ್ಟನ್ನು ಅಳೆಯದೆ ತಿರಸ್ಕರಿಸಿದರೆ ಕಾರ್ಖಾನೆಯಲ್ಲಿ ಮೇಲಿನವರು ಕಾರಣ ಕೇಳುತ್ತಾರೆ. ಮಾಸ್ತರರ ಸ್ವರವನ್ನು ಮಾತ್ರ ಒಮ್ಮೆಯೂ ಊದಿಸಿ ಕೇಳದೆ ಮೂಗಿನಿಂದಲೇ ತೀರ್ಮಾನ ಮಾಡಿದೆ. ಐದನೆಯ ತುಣುಕಿನ ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ.

ತಗ್ಗಿನ ಆ ಎಂಟೂ ಸ್ವರಗಳನ್ನು ಬಸೂನಿನಿಂದ ತೆಗೆದು, ಒಂದು ಸ್ಥಾಯಿ ಮೇಲಕ್ಕೆ ಏರಿಸಿ, ಹಾರ್ನಿಗೆ ಕೊಟ್ಟೆ. ಹಾರ್ನ್ ಬಿಟ್ಟದ್ದನ್ನು ನನ್ನ ಕ್ಲಾರಿನೆಟ್ ತುಂಬಿತು. ಬಸೂನಿನ ಪಾರ್ಟಿನಲ್ಲಿ ಐದನೆಯ ತುಣುಕಿನ ಕೆಳಗೆ ಒಂದು ದಪ್ಪ ಅಡ್ಡಗೆರೆ ಎಳೆದು, ಅದರ ಮೇಲೆ 48 ಎಂದು ಬರೆದೆ. ನಲವತ್ತೆಂಟು ಬಾರು, ಅಂದರೆ ತಾಳದ ಆವರ್ತ, ಇಡೀ ತುಣುಕು ಮುಗಿಯುವವರೆಗೆ ಸುಮ್ಮನಿರಬೇಕು ಎಂದರ್ಥ. ಆರನೆಯದರಲ್ಲೂ ಅಷ್ಟಿಷ್ಟು ತೆಳುಮಾಡಿದೆ, ಅನುಮಾನ ಬಾರದಿರಲಿ ಎಂದು. ಬರೆಯುವಾಗ ನನಗೆ ನನ್ನ ಮೇಲೆ ಎಂಥ ಮೆಚ್ಚುಗೆಯಿತ್ತೆಂದು ನೆನೆದರೆ ಈಗ ವಾಕರಿಕೆ ಬರುತ್ತದೆ. ಒಬ್ಬ ಹಿರಿಯರ ಮಾನ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಭಾನುವಾರ ಹೊಸ ಪಾರ್ಟುಗಳನ್ನು ಹಂಚಿದೆ. ಮಾಸ್ತರರು ಹೊಸ ಹಾಳೆಯನ್ನು ಊದುವ ಮೊದಲು ಪತ್ರ ಓದಿದಂತೆ ಪೂರ್ತಿ ಓದುತ್ತಿದ್ದರು. ಅವತ್ತೂ ಓದಿದರು. ಐದನೆಯದಕ್ಕೆ ಬಂದು ನಿಂತರು. ಒಂದು ಗೆರೆ, ಒಂದು ಸಂಖ್ಯೆ, ಓದಲು ಎಷ್ಟು ಹೊತ್ತು ಬೇಕು? ಅವರು ಬಹಳ ಹೊತ್ತು ಓದಿದರು. ನಾನು ಕ್ಲಾರಿನೆಟ್ ಒರೆಸುತ್ತ ಥೂ ಎಂಬ ಮಾತಿಗಾಗಿ ಕಾಯುತ್ತಿದ್ದೆ. ಬೈದುಬಿಟ್ಟರೆ ಸಾಕು ಅನ್ನಿಸಿತ್ತು. ಬೈದಿದ್ದರೆ ಜಗಳವಾಗುತ್ತಿತ್ತು, ಜಗಳವಾಗಿದ್ದರೆ ಎಲ್ಲ ಸರಿಯಾಗುತ್ತಿತ್ತೋ ಏನೋ.

“ಇಲ್ಲೆ ನಲವತ್ತೆಂಟು ರೆಸ್ಟ್ ಏನ್ರಿ?”

“ಹೌದ್ರಿ ಮಾಸ್ತರ್. ಹಾರ್ನಿನ್ಯಾಗ ಭಾಳ ಚೊಲೊ ಕೇಳ್ತದ ಅನಸ್ತು.”

“ಬರೋಬರಿ ಬರದೀರಿ” ಎಂದರು. “ಎಣಸ್ತೀನಿ.”

ಎಂಟನೆಯ ಇಯತ್ತೆಯಿಂದ ನನ್ನನ್ನು ‘ನೀ’ ಎಂದವರು, ತಂಗೀ ಎಂದವರು, ಅಂದು ನನಗೆ ಬಹುವಚನ ಹಚ್ಚಿದರು. ಆಮೇಲೆ ಅದನ್ನು ತೆಗೆಯಲಿಲ್ಲ.

ಸಮಾರಂಭ ಚೆನ್ನಾಗಿ ಆಯಿತು. ಚೆನ್ನಾಗಿಯೇ ಆಯಿತು ಎಂಬುದು ಇದರಲ್ಲಿ ಅತ್ಯಂತ ಅಸಹ್ಯದ ಸಂಗತಿ. ಮಾಸ್ತರರು ಇಸ್ತ್ರಿ ಮಾಡಿದ ಕರಿ ಕೋಟು ಹಾಕಿಕೊಂಡು ಬಂದಿದ್ದರು. ಮೊದಲ ನಾಲ್ಕು ತುಣುಕುಗಳಲ್ಲಿ ಬಸೂನ್ ಎಲ್ಲೂ ಒಡೆಯಲಿಲ್ಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಐದನೆಯದಕ್ಕೆ ಅವರು ವಾದ್ಯವನ್ನು ತೊಡೆಯ ಮೇಲೆ ಒರಗಿಸಿ, ನೆಟ್ಟಗೆ ಕೂತು, ಎಡಗೈಯ ಬೆರಳುಗಳನ್ನು ಒಂದೊಂದಾಗಿ ಮಡಚುತ್ತ ನಲವತ್ತೆಂಟು ಬಾರು ಎಣಿಸಿದರು. ಸುಮ್ಮನೆ ಕೂತವರು ಒಂದಾದರೂ ಬಾರು ತಪ್ಪುತ್ತಾರೆ, ನಾನಾದರೆ ಮೂರು ತಪ್ಪುತ್ತಿದ್ದೆ. ಅವರು ತಪ್ಪಲಿಲ್ಲ. ಹಾರ್ನ್ ಸ್ವರಗಳನ್ನು ಹಿಡಿಯಿತು, ನಾನು ಆತುಕೊಂಡೆ, ಎಲ್ಲ ಅಚ್ಚುಕಟ್ಟು. ಕೇಳಲು ನೆಲಗಟ್ಟು ಹಾಕದ ಮನೆಯ ಹಾಗಿತ್ತು.

ಚಪ್ಪಾಳೆ, ಹೂಗುಚ್ಛ, ಸ್ಯಾಂಡ್‌ವಿಚ್, ಚಹಾ. ಡಾಕ್ಟರು ನನ್ನ ಪಕ್ಕಕ್ಕೆ ಬಂದು, “ನೋಡಿದಿರಾ, ಒಂದೂ ತಪ್ಪಾಗಲಿಲ್ಲ” ಎಂದರು. ನಾನು ನಕ್ಕೆ. ಬರೆಯುತ್ತಿರುವುದರಿಂದ ಇದನ್ನೂ ಬರೆಯಬೇಕು: ಸಂತೋಷದಿಂದಲೇ ನಕ್ಕೆ. ಟೀಚರು ಗಾಲಿ ಕುರ್ಚಿಯಲ್ಲಿ ಬಂದವರು ಎಲ್ಲರ ಕೈ ಹಿಡಿದು ಮಾತಾಡಿಸಿದರು. ಮಾಸ್ತರರ ಹತ್ತಿರ ಬಂದಾಗ, ಐದನೆಯದರಲ್ಲಿ ನೀವೇಕೆ ನುಡಿಸಲಿಲ್ಲ, ಆ ಕೆಳಗಿನ ಸ್ವರಕ್ಕಾಗಿ ಕಾಯುತ್ತಿದ್ದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎರಡು ಹೆಜ್ಜೆ ದೂರದಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಮಾಸ್ತರರು ತಮಗೆ ಬರುವ ಬ್ಯಾಂಡಿನ ಇಂಗ್ಲಿಷಿನಲ್ಲಿ, ನನ್ನ ಪಾರ್ಟಿನಲ್ಲಿ ರೆಸ್ಟ್ ಇತ್ತು ಮೇಡಂ, ಬರೆದವರು ತಿಳಿದೇ ಬರೆದಿದ್ದಾರೆ ಎಂದರು. ನನ್ನ ಕಡೆ ನೋಡಲಿಲ್ಲ.

ಆಮೇಲೆ ಅವರು ಭಾನುವಾರಗಳಿಗೆ ಬರಲಿಲ್ಲ. ಮೊಣಕಾಲು ನೋವು ಎಂದು ಫೋನಿನಲ್ಲಿ ಹೇಳಿದರು. ಒಮ್ಮೆ ಕೊಂಢವಾಕ್ಕೆ ಹೋದೆ. “ಬರ್ರಿ, ಕೂಡ್ರಿ” ಎಂದು ಕುರ್ಚಿ ತೋರಿಸಿದರು. ಬಾಯಲ್ಲಿ ರೀಡ್ ಇರಲಿಲ್ಲ. ಹವೆ ಥಣ್ಣಗಾಗಿದೆ, ಚಾಕಣದ ರಸ್ತೆಯಲ್ಲಿ ಟ್ರಾಫಿಕ್ ಹೇಗಿದೆ ಎಂದು ವಿಚಾರಿಸಿದರು. ಚಹಾದಲ್ಲಿ ಕೆನೆ ತೇಲುತ್ತಿತ್ತು, ಅದನ್ನೂ ಸುಮ್ಮನೆ ಕುಡಿದರು. ಯಾವುದನ್ನೂ ಬೈಯದ ಮಾಸ್ತರರನ್ನು ನೋಡುವುದು ನನ್ನಿಂದಾಗಲಿಲ್ಲ. ಕೆಲಸವಿದೆ ಎಂದು ಹತ್ತೇ ನಿಮಿಷಕ್ಕೆ ಎದ್ದುಬಂದೆ. ಕ್ಷಮೆ ಕೇಳಬೇಕೆಂದು ಹೋದವಳು ಏನನ್ನೂ ಕೇಳಲಿಲ್ಲ. ಆ ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ, ಐದಾರು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಡಾಕ್ಟರು ನಮ್ಮ ಗುಂಪಿನ ಮೊಬೈಲ್ ಸಂದೇಶದಲ್ಲಿ, ನಮ್ಮ ತಳಪಾಯವೇ ಹೋಯಿತು ಎಂದು ಬರೆದರು. ಅದನ್ನು ಓದಿ ನನಗೆ ಡಾಕ್ಟರ ಮೇಲೆ ಅಸಹ್ಯವಾಯಿತು. ನನ್ನ ತಪ್ಪನ್ನು ಅವರ ಮೇಲೆ ಹಾಕಲು ಅದೊಂದು ನೆಪ ಅನುಕೂಲವಾಗಿ ಸಿಕ್ಕಿತ್ತು.

ಕರ್ಮಾಂತರವೆಲ್ಲ ಮುಗಿದು ನೆಂಟರು ಊರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಕಾಕೂ ಅವರನ್ನು ನೋಡಲು ಹೋದೆ. ಅಡುಗೆಮನೆಯಲ್ಲಿದ್ದರು. ಕಟ್ಟೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. ಬೇಳೆ ತೊಳೆಯುತ್ತ ಅವರೇ ಮಾತು ತೆಗೆದರು.

“ನಿಮ್ಮದು ಆ ಐದನೇದ್ದು ಇತ್ತಲಾ, ಅದನ್ನ ದಿನಾ ಮುಂಜಾನೆ ಊದ್ತಿದ್ರು ನೋಡು. ನಾ ಕುಕ್ಕರ್ ಇಡೂ ಹೊತ್ತಿಗೆ. ಒಂದ ಸ್ವರ, ಅದನ್ನ ಮತ್ತ ಮತ್ತ. ಕೆಳಗಿನ ಮನಿಯವ್ರು ಬಂದು, ನಿಮ್ಮಲ್ಲೆ ಯಾರಿಗರ ಆರಾಮಿಲ್ಲೇನು ಅಂತ ಕೇಳಿ ಹೋದ್ರು.”

“ಯಾವಾಗಿಂದ್ರಿ ಕಾಕೂ?”

“ನೀ ಮೊಬೈಲಿನ್ಯಾಗ ಕೇಳಿಸಿ ಹೋದ್ಯಲಾ, ಮರದಿನದಿಂದ. ಹಲ್ಲ ತಡಿಯೂದಿಲ್ಲ ಅಂತ ಯಾವದೋ ದವಾಖಾನಿಗೆ ಹೋಗಿ ಒಳಗಿಂದ ತಂತಿ ಕಟ್ಟಿಸಿಕೊಂಡ ಬಂದ್ರು. ಎರಡ ಮೂರ ದಿನಾ ತಂತಿ ಚುಚ್ಚಿ ರಕ್ತ ಬಂತು. ಕಾರ್ಯಕ್ರಮ ಆಗೂತನಾ ನಿಂತ್ರ ಸಾಕು, ಆಮ್ಯಾಲೆ ಎಲ್ಲಾ ಕಿತ್ತಸ್ತೀನಿ ಅಂದಿದ್ರು. ನಿಮ್ಮ ಡಾಕ್ಟರ್ ಕಡೆ ಹೋಗ್ರಿ ಅಂದ್ರ, ಬ್ಯಾಡ, ಅಂವಾ ಹಲ್ಲ ನೋಡ್ತಾನ, ಸ್ವರ ಕೇಳೂದಿಲ್ಲ ಅಂದ್ರು. ನಿನಗೂ ಹೇಳಬ್ಯಾಡ ಅಂದ್ರು. ಆಕಿಗೆ ಒಮ್ಮೆಲೆ ಊದಿ ಕೇಳಸ್ತೀನಿ ಅಂತ.”

ಆ ಹೊಸ ಪಾರ್ಟಿನಲ್ಲಿ ಏನಿತ್ತೆಂದು ಕಾಕೂಗೆ ಗೊತ್ತಿರಲಿಲ್ಲ. ಮಾಸ್ತರರು ಮನೆಯಲ್ಲಿ ಹೇಳಿರಲೇ ಇಲ್ಲ. ಸಮಾರಂಭಕ್ಕೆ ಬರದಿದ್ದ ಆಕೆ, ಗಂಡ ಅಲ್ಲಿ ಆ ಸ್ವರವನ್ನು ನುಡಿಸಿದರೆಂದೇ ತಿಳಿದಿದ್ದರು.

“ಚೊಲೊ ಬರ್ತಿತ್ತೇನ್ರಿ, ಕಾಕೂ?”

“ನನಗೇನ ತಿಳೀತದವಾ, ನನಗ ಎಲ್ಲಾ ಒಂದ. ಮದಲ ಮದಲ ಎಮ್ಮಿ ಒದರಿದ್ಹಂಗ ಇರ್ತಿತ್ತು, ತಾವ ಬೈಕೊಂತ ಇರ್ತಿದ್ರು. ಒಂದಿನಾ, ನೀ ಹೊಸಾ ಹಾಳಿ ಕೊಡೂ ಹಿಂದಿನ ದಿನ ಇರಬೇಕು, ಶನಿವಾರ, ಊದಿ ಮುಗಿಸಿ ಇಲ್ಲಿ ಬಾಗಲದಾಗ ಬಂದ ನಿಂತ್ರು. ಕೇಳಿದೇನು, ಅಂದ್ರು. ನಾ ಕುಕ್ಕರಿನ ಸೀಟಿ ಎಣಸಾಕ ಹತ್ತಿದ್ದೆ. ಹೂಂ, ಅಂದೆ.”

ಅವರು ಬೇಳೆಯ ನೀರು ಚೆಲ್ಲಿ ಕುಕ್ಕರಿಗೆ ಹಾಕಿದರು. ಇಡೀ ಪುಣೆಯಲ್ಲಿ ಆ ಶನಿವಾರದ ಸ್ವರವನ್ನು ಹತ್ತಿರದಿಂದ ಕೇಳಿದವರು ಕಾಕೂ ಒಬ್ಬರೇ. ಅದು ಒಡೆಯಿತೋ, ಪಿಯಾನೋದ ಹಾಗೆ ತಾನಾಗಿ ಕರಗಿತೋ, ಹೇಳಬಲ್ಲವರು ಯಾರೂ ಇಲ್ಲ. ಕೇಳಸ್ರಿ ಮಾಸ್ತರ್ ಎಂದು ನಾನು ಒಂದು ಮಾತು ಅನ್ನಬಹುದಾಗಿತ್ತು. ಅವರು ಆ ಭಾನುವಾರ ಬಸೂನನ್ನು ಜೋಡಿಸಿಟ್ಟುಕೊಂಡು, ರೀಡ್ ನೆನೆಸಿಕೊಂಡು, ಅದಕ್ಕಾಗಿಯೇ ಕೂತಿದ್ದರು. ನಾನು ಅವರ ಕೈಗೆ ಹಾಳೆ ಕೊಟ್ಟೆ.